ತಲೆ ಆಡಿಸಿ ಕೆಟ್ಟೆವು

ಪ್ಲೊವ್‌ದಿವ್‌ನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಮೊಸರಿನ ಕಾರ್ಖಾನೆಯ ಝಿವ್ಕೊ, ಅವನಿಗಿಂತ ಹಿರಿಯಳಾದ ಪೆನ್ಕಾ ನಿಂತಿದ್ದರು. ಕಾರ್ಖಾನೆಯನ್ನು ಆಸ್ಟ್ರಿಯಾದವರು ಕೊಂಡ ಮೇಲೆ ಆ ದೇಶದ ಇಂಜಿನಿಯರ್ ಹೊಸ ಯಂತ್ರದ ಪಾಠ ಹೇಳಲು ಬಂದಿದ್ದನಂತೆ.

“ಅರ್ಥ ಆಯ್ತಾ ಅಂದ. ಹೂಂ ಅಂತ ಎಲ್ರೂ ಅಡ್ಡಡ್ಡ ತಲೆ ಆಡಿಸಿದ್ವಲ್ಲಕ್ಕ.”

“ಇಲ್ಲ ಅಂದ್ವಿ ಅನ್ಕೊಂಡು ಪಾಪ, ಮತ್ತೆ ಮೊದಲಿಂದ ಶುರು ಮಾಡ್ದ.”

“ನಮ್ಮಲ್ಲಿ ಹೂಂ ಅನ್ನೋದೇ ಹಂಗೆ ಅಂತ ಒಬ್ರಾದ್ರೂ ಹೇಳಿದ್ವಾ?”

“ಎಲ್ಲಿ ಹೇಳ್ತೀವಿ? ಜಾಣರಲ್ವಾ ನಾವು!”

“ಕೊನೆಗೆ, ಈ ಯಂತ್ರಕ್ಕೆ ನಿಮ್ಮಲ್ಲಿ ಅರ್ಧ ಜನ ಸಾಕಾ ಅಂದ.”

“ಊಹೂಂ ಅಂತ ಮೇಲೆ ಕೆಳಗೆ ಆಡಿಸಿದ್ವಿ. ಎಲ್ರಿಗಿಂತ ಜೋರಾಗಿ ನಾನೇ ಕಣೋ.”

“ಒಪ್ಕೊಂಡ್ರಲ್ಲ ಅಂತ ಖುಷಿಯಾಗಿ ಕೈ ಕುಲುಕಿ ಹೋದ.”

ಬಸ್ ಬಂತು. “ರೈಲ್ವೆ ಸ್ಟೇಷನ್ನಿಗಾ?” ಎಂದ ಚಾಲಕ. ಪೆನ್ಕಾ ಎರಡೂ ಕೈಯಲ್ಲಿ ಕತ್ತು ಹಿಡಿದುಕೊಂಡು, “ಹೌದು” ಎಂದು ಬಾಯಿಬಿಟ್ಟು ಹೇಳಿ ಹತ್ತಿದಳು.