ಡ್ರಮ್ಮಿನ ತಳದ ಎಣ್ಣೆ

ಕೆ.ಆರ್. ಪುರದ ತೂಗುಸೇತುವೆ ಇನ್ನೂ ಕಟ್ಟುತ್ತಿದ್ದ ದಿನಗಳು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬೆಳಗಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಇಬ್ಬರೂ ಗರುಡಾಚಾರ್‌ಪಾಳ್ಯದ ಹರಳೆಣ್ಣೆ ಶುದ್ಧಿ ಮಾಡುವ ಕಾರ್ಖಾನೆಯವರೆಂದು ಮಾತಿನಿಂದಲೇ ತಿಳಿಯಿತು. ಡ್ರಮ್ಮು ತುಂಬಿಸುವಾಕೆ ಭೀಮಬಾಯಿ, ಲ್ಯಾಬಿನವನು ಗುರುಕಿರಣ.

“ನಿನ್ನೆ ಲೋಡಾಗಿದ್ದ ಲಾರೀನ ಯಾಕೆ ನಿಲ್ಸಿದ್ರಿ ಭೀಮಕ್ಕಾ? ನನ್ ಟೆಸ್ಟಲ್ಲಿ ಎಣ್ಣೆ ಪಾಸಾಗಿತ್ತು.”

“ಎಣ್ಣ್ಯಾಗ ನೀರಿತ್ತು ನೋಡ್ರಿ ಸರ.”

“ನಿಮ್ಗೆ ಹೇಗ್ ಗೊತ್ತಾಯ್ತು?”

“ಬತ್ತಿ ಅದ್ದಿ ಹಚ್ಚಿದೆ, ಚಟಚಟ ಅಂತು. ನಮ್ಮೂರಾಗ ಹರಳೆಣ್ಣಿ ಕಾಸಿದ ಮ್ಯಾಲ ಹಂಗೇ ನೋಡ್ತೀವಿ.”

“ನಾನೂ ಅದೇ ಡ್ರಮ್ಮಿಂದಾನೇ ಸ್ಯಾಂಪಲ್ ತಗೊಂಡಿದ್ದೆ.”

“ನೀವು ಮ್ಯಾಲಿಂದ ತಗೊಂಡ್ರಿ. ನೀರು ತಳಕ್ಕ ಕುಂತಿರ್ತದ. ನಾ ಪೈಪ ತಳದ ತನಕ ಇಳಿಸಿ ತಗದೆ.”

“ಪೇಂಟ್ ಕಂಪನಿಗೆ ಹೋಗೋ ಮಾಲು ಅದು. ನೀರಿದ್ರೆ ಬಣ್ಣದಲ್ಲಿ ಗುಳ್ಳೆ ಏಳುತ್ತೆ. ಪೂರ್ತಿ ಲೋಡ್ ವಾಪಸ್ ಬಂದ್ಬಿಡೋದು.”

“ಅದಕ್ಕ ಗೇಟಿಗೆ ಅಡ್ಡ ನಿಂತೆ.”

“ಓನರ್ ಇವತ್ತು ರಿಪೋರ್ಟ್ ಕೇಳ್ತಾರೆ. ಏನಂತ ಬರೀಲಿ?”

“ನಡೆದದ್ದು ಬರೀರಿ. ಬತ್ತಿ ಹಚ್ಚಿ ನೋಡಿದ್ವಿ, ತಳದಾಗ ನೀರಿತ್ತು ಅಂತ.”

“ಬತ್ತಿ ಅಂತ ಬರೆದ್ರೆ ನಗ್ತಾರೆ ಅಕ್ಕಾ.”

“ನಗಲಿ. ಕೆಳಗ ನಾ ಸಹಿ ಹಾಕ್ತೀನಿ.”

ಬಸ್ಸು ಬಂತು. ಆಕೆ ಮುಂದಿನ ಬಾಗಿಲಿನಿಂದ ಹತ್ತಿದಳು. ಹಿಂದಿನ ಬಾಗಿಲಿಗೆ ಜೋತುಬಿದ್ದ ಗುರುಕಿರಣ ಜನರ ತಲೆಗಳ ಮೇಲಿಂದ ಕೂಗಿದ.

“ಭೀಮಕ್ಕಾ, ಇನ್ನೊಂದು ಬತ್ತಿ ಇದ್ಯಾ?”

“ಚೀಲದಾಗ ಬೇಕಾದಷ್ಟು ಅವ. ನೀವು ಮೊದಲು ತಳದಾಗಿಂದ ತಗಿಯೋದು ಕಲೀರಿ!”