ಗದ್ದೆಮ್ಮ ಅನ್ನದೇ ಹೋದ ಆಮೆನ್

“ಹೆಣ್ಣಾಳು ಗಿರಣಿ ನಡಸ್ತಾಳಂತ! ಬೆಲ್ಟಿಗೆ ಸೀರಿ ಸಿಕ್ಕಿಸ್ಕೊಂಡು ಸಾಯ್ತಾಳ,” ಅಂದಿದ್ದ ಅಂಬಪ್ಪ, ನಮ್ಮ ಓಣಿಯ ಗದ್ದೆಮ್ಮನ ಸ್ವಂತ ಅಣ್ಣ. ಗದ್ದೆಮ್ಮ ನಡೆಸಿದಳು, ಬಳಗಾನೂರಿನಲ್ಲೇ. ರದ್ದಿ ಪೇಪರಿನಲ್ಲಿ ಅಕ್ಷರ ಕಲಿತಳು, ಆಮೇಲೆ ವಿಜ್ಞಾನದ ಪುಸ್ತಕ ಹಿಡಿದಳು. ದೇವರು, ದೆವ್ವ ಎರಡನ್ನೂ ಒಟ್ಟಿಗೇ ಬಿಟ್ಟಳು.

ಅಕ್ಕ ಆದಮ್ಮ ಯೇಸುವನ್ನು ನಂಬಿದವಳು. ಹೋದ ವರ್ಷ ಆಕೆಗೆ ಶ್ವಾಸಕೋಶದ ಕ್ಯಾನ್ಸರ್. ಸಿಂಧನೂರಿನ ಡಾಕ್ಟರು ಮನೆಗೆ ಕರೆದೊಯ್ಯಲು ಹೇಳಿದರು. ಕೊನೆಯ ಸಂಜೆ ಆದಮ್ಮ ತಂಗಿಯ ಕೈ ಹಿಡಿದಳು.

“ನಾ ಪ್ರಾರ್ಥನಿ ಮಾಡ್ತೀನಿ. ಕಡೀಕ ನೀ ಆಮೆನ್ ಅನ್ನು, ಅಷ್ಟ.”

“ನಂಬದ ಮಾತು ನನ್ನ ಬಾಯಾಗ ಬರಂಗಿಲ್ಲಕ್ಕ. ಔಷಧಕ್ಕ ಆಗದ್ದು ಆಮೆನ್‌ಗೆ ಆಗ್ತೈತೇನ?”

“ಒಬ್ಬಾಕಿ ಬೇಡಿದ್ರ ಇನ್ನೊಬ್ಬಾಕಿ ಅನ್ನಬೇಕು ಬೇ...”

ಆದಮ್ಮನ ತುಟಿ ಅಲುಗಿತು. ದನಿ ಬರಲಿಲ್ಲ. ಮುಗಿಸಿ, ತಂಗಿಯ ಮುಖ ನೋಡಿದಳು... ಕಾದಳು... ಗದ್ದೆಮ್ಮ ಹಲ್ಲು ಕಚ್ಚಿ ಸುಮ್ಮನಿದ್ದಳು. ಬೆಳಕು ಹರಿಯುವಾಗ ಅಕ್ಕ ಇರಲಿಲ್ಲ.

ಒಂದು ತಿಂಗಳಾಗಿತ್ತು. ರಾತ್ರಿ ಗದ್ದೆಮ್ಮ ಗಿರಣಿ ಮುಚ್ಚಿ ಕಾಲುವೆ ದಂಡೆ ಹಿಡಿದು ಮನೆಗೆ ಹೊರಟಿದ್ದಳು. ಕರೆಂಟಿಲ್ಲ. ಕಾಲುವೆಯ ನೀರು ತೂಬಿನಲ್ಲಿ ಗುಳುಗುಳು ಅನ್ನುತ್ತಿತ್ತು. ಸೇತುವೆಯ ಪಕ್ಕ, ಆಲದ ಮರದ ಕೆಳಗೆ... ಕೆಮ್ಮು. ಎರಡು ಸಲ. ಒಣ ಕೆಮ್ಮು. ಅಕ್ಕನದು.

ಆಮೇಲೆ ದನಿ.

“ತಂದೆಯೇ... ನನ್ನ ತಂಗಿಗೆ ಆಸರ ಆಗೋರು ಯಾರೂ ಇಲ್ಲ. ಮಷೀನ್ ಮುಂದ ಆಕಿ ಕೈ ಕಾಯಿ. ನಂಬಂಗಿಲ್ಲಂತ ಆಕಿ ಮ್ಯಾಲ ಸಿಟ್ಟಾಗಬ್ಯಾಡ. ಯೇಸುವಿನ ನಾಮದಲ್ಲಿ ಬೇಡ್ತೀನಿ...”

ಅಷ್ಟೇ. ದನಿ ಕಾಯುತ್ತಿತ್ತು.

ಅಕ್ಕ ಅವತ್ತು ದನಿಯಿಲ್ಲದೆ ಬೇಡಿದ್ದು ಇದನ್ನೇ, ತನ್ನ ಜೀವವನ್ನಲ್ಲ! ದುಃಖದಲ್ಲಿದ್ದಾಗ ಇಲ್ಲದ ದನಿಯನ್ನು ಮಿದುಳೇ ಹುಟ್ಟಿಸುತ್ತದೆ ಎಂದು ಗದ್ದೆಮ್ಮ ಓದಿದ್ದಳು. ಆದರೂ ಬಾಯಿ ತೆರೆದಳು. ಮಾತು ಹೊರಡಲಿಲ್ಲ.

“ಆಮೀನ್,” ಅಂದರು ಯಾರೋ.

ಸೇತುವೆಯ ಕಟ್ಟೆ ಮೇಲೆ ಆಟೋ ಓಡಿಸುವ ಉಸ್ಮಾನ್‌ಸಾಬ್ ಕೂತಿದ್ದ.

“ನೀ ಯಾಕಂದಿ?” ಗದ್ದೆಮ್ಮ ಪಿಸುಗುಟ್ಟಿದಳು.

“ಆ ಅಕ್ಕಾರು ನಿಮ್ಮ ಸಲುವಾಗಿ ದುವಾ ಮಾಡಾಕತ್ತಿದ್ರಲ್ರೀ. ನೀವು ಅನ್ನವಲ್ರಿ. ಯಾರರ ಅನ್ನಬೇಕಲ್ಲ... ಎಲ್ಲಿ ಹೋದ್ರು ಅವ್ರು?”

ಆಲದ ಕೆಳಗೆ ಯಾರೂ ಇರಲಿಲ್ಲ.

ಇದು ನಡೆದದ್ದು. ಉಸ್ಮಾನ್‌ಸಾಬ್ ಇನ್ನೂ ಇದ್ದಾನೆ, ಬೇಕಾದರೆ ಕೇಳಿ. ಗದ್ದೆಮ್ಮನಿಗೆ ಈಗ ಬಳಗಾನೂರಿನಲ್ಲೊಂದು, ಮಸ್ಕಿಯಲ್ಲೊಂದು ಗಿರಣಿ. ಆರ್‌ಸಿಸಿ ಮನೆ, ಗೋಡೆ ತುಂಬ ಪುಸ್ತಕ. ಅಕ್ಕನಿಗೆ ತಾನು ಅನ್ನಬೇಕಿದ್ದ ಒಂದೇ ಮಾತನ್ನು ದಾರಿಯಲ್ಲಿ ಕೂತವನು ಅಂದು ಮುಗಿಸಿದ. ಆ ದನಿ ಮತ್ತೆ ಬಂದಿಲ್ಲ.