ಪೆಟ್ರೋಲು ಕುಡಿದ ಕಳ್ಳ

ಬಸ್ಸಿನ ಸಾಲಿನಲ್ಲಿ ಒಬ್ಬ ದರ್ಜಿ ಹೆಂಗಸಿನ ಹಿಂದೆಯೇ ಇಬ್ಬರು ನಿಂತಿದ್ದರು. ಒಬ್ಬನ ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಇನ್ನೊಬ್ಬ ಅವನನ್ನು ಭಾವ ಎನ್ನುತ್ತಿದ್ದ. ಅವಳು ತಿರುಗಿ ನೋಡಲಿಲ್ಲ, ಕಿವಿಯನ್ನು ಮಾತ್ರ ಅತ್ತ ಬಿಟ್ಟಳು.

“ನಿನ್ನ ಹಳೇ ಯಜಮಾನರ ಕಾರು ನಿನ್ನೆ ನನ್ನ ಗ್ಯಾರೇಜಿಗೇ ಬಂತು ಕಣೋ. ಕಪ್ಪು ಹೊಗೆ, ಪ್ಲಗ್ಗಿನ ತುಂಬಾ ಮಸಿ.”

“ನಾನು ಓಡಿಸ್ತಿದ್ದಾಗ್ಲೂ ಹಾಗೇ ಇತ್ತು, ಭಾವ. ಪೆಟ್ರೋಲು ಕದ್ದು ಮಾರ್ತೀಯ ಅಂತ ನನ್ನ ಮಗಳ ಮುಂದೇನೇ ಕೆಲಸದಿಂದ ಓಡಿಸಿದ್ರಲ್ಲ.”

“ಕಾರ್ಬ್ಯುರೇಟರ್ ಬಿಚ್ಚಿದೆ. ಒಳಗೆ ತೇಲ್ತಾ ಪೆಟ್ರೋಲು ತಡೀಬೇಕಾದ ಟೊಳ್ಳು ಫ್ಲೋಟು ತೂತಾಗಿ ಮುಳುಗಿಬಿಟ್ಟಿದೆ. ಪೆಟ್ರೋಲಿಗೆ ತಡೆಯೇ ಇಲ್ಲ, ಬೇಕಾದ್ದಕ್ಕಿಂತ ಹೆಚ್ಚು ಇಂಜಿನ್ನಿಗೆ ಸುರೀತಿದೆ.”

“ಅವರಿಗೆ ಹೇಳಿದ್ರಾ?”

“ಇಲ್ಲ. ನಾಳೆ ಹತ್ತು ಗಂಟೆಗೆ ಬರ್ತಾರೆ.”

“ಹೊಸದು ಹಾಕೋಕ್ಕೆ ಮುಂಚೆ ಆ ತೂತು ಫ್ಲೋಟನ್ನ ಅವರ ಕೈಗೇ ಕೊಡಿ. ಕಿವಿ ಹತ್ರ ಅಲ್ಲಾಡಿಸಿ ಅನ್ನಿ. ಒಳಗೆ ಪೆಟ್ರೋಲು ಗುಳುಗುಳು ಅಂದಾಗ ನಾನು ಎದುರಿಗೆ ನಿಂತಿರ್ಬೇಕು.”

“ವಾಪಸ್ ಕೆಲಸಕ್ಕೆ ಬಾ ಅಂದ್ರೆ?”

“ಅನ್ನಲಿ. ಅಲ್ಲಿರೋರೆಲ್ಲ ಕೇಳಿಸ್ಕೊಂಡ ಮೇಲೆ, ಬರಲ್ಲ ಅಂತೀನಿ.”

ಸಾಲು ಮುಂದೆ ಸರಿಯಿತು. ದರ್ಜಿ ಹೆಂಗಸು ಬೇಕೆಂದೇ ನಿಧಾನವಾಗಿ ಹೆಜ್ಜೆ ಇಟ್ಟಳು.

“ನಿನ್ನ ಜಾಗಕ್ಕೆ ಬಂದಿದ್ದ ಡ್ರೈವರನ್ನೂ ಹೋದ ವಾರ ಕಳ್ಳ ಅಂತಲೇ ಓಡಿಸಿದ್ರಂತೆ.”



“ಅವನ ಮನೆ ನಂಗೊತ್ತು, ಈಗ್ಲೇ ಹೋಗ್ತೀನಿ. ನಾಳೆ ಇಬ್ಬರೂ ಬರ್ತೀವಿ.”

ಬಸ್ಸು ಬಂತು. ಅವಳ ಹಿಂದೆ ಭಾವ ಒಬ್ಬನೇ ಹತ್ತಿದ. ಇನ್ನೊಬ್ಬ ಆಗಲೇ ಸಾಲು ಬಿಟ್ಟು ರಸ್ತೆ ದಾಟಿ, ಎದುರು ದಿಕ್ಕಿನ ಬಸ್ಸಿಗೆ ಓಡುತ್ತಿದ್ದ.